ನಮ್ಮ ಏರಿಯಾದ ಜನೌಷಧಿ ಕೇಂದ್ರ: ಚೀಟಿ ಪೂರ್ತಿ ಓದಿ ಮಾತ್ರೆ ಕೊಡುವ ಅಂಗಡಿ

ನಮ್ಮ ಯಜಮಾನರಿಗೆ 2022ರಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಮೈಸೂರಿನ ಜಯದೇವದಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಬರುವಾಗ ಐದು ಬಗೆಯ ಮಾತ್ರೆಗಳ ಚೀಟಿ ಕೈಯಲ್ಲಿತ್ತು. ಅದರಲ್ಲೊಂದು ರಾತ್ರಿ ಊಟದ ಮೇಲೆ ತಗೊಳ್ಳುವ ಕೊಲೆಸ್ಟ್ರಾಲ್ ಮಾತ್ರೆ, ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ.

ಮೊದಲು ಬೇರೊಂದು ಮೆಡಿಕಲ್ ಸ್ಟೋರ್‌ನಲ್ಲಿ ತರುತ್ತಿದ್ದೆ. ಒಂದು ಸಲ ಅಲ್ಲಿ 40ರ ಬದಲು 10ರ ಸ್ಟ್ರಿಪ್ ಕೊಟ್ಟುಬಿಟ್ಟರು. ಕಂಪನಿ ಅದೇ, ಬಣ್ಣವೂ ಅದೇ. ನಾನೂ ನೋಡಲಿಲ್ಲ. ಎರಡು ತಿಂಗಳು ಅದನ್ನೇ ನುಂಗಿದರು. ಮುಂದಿನ ಚೆಕಪ್‌ನಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 68ರಿಂದ 83ಕ್ಕೆ ಏರಿತ್ತು. ಡಾಕ್ಟರ್ ಸ್ಟ್ರಿಪ್ ತರಿಸಿ ನೋಡಿದಾಗಲೇ ಗೊತ್ತಾಗಿದ್ದು. ಇವರಂಥವರಿಗೆ ಎಲ್‌ಡಿಎಲ್ 70ರ ಒಳಗೇ ಇರಬೇಕು, 55ರ ಕೆಳಗೆ ಬಂದರೆ ಇನ್ನೂ ಒಳ್ಳೆಯದು ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಈ ಜನೌಷಧಿ ಕೇಂದ್ರಕ್ಕೆ ಬಂದೆವು. ಇಲ್ಲಿನ ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರಿಲ್ಲ, ಔಷಧದ ಹೆಸರೇ ಇರುತ್ತದೆ. ಕೌಂಟರಿನ ಹುಡುಗಿ ಪ್ರತಿ ಸಲ 40 ಅನ್ನುವ ಅಂಕಿಗೆ ಬಾಲ್‌ಪೆನ್ನಿನಲ್ಲಿ ಒಂದು ಸುತ್ತು ಹಾಕಿ, ನನ್ನ ಕಡೆ ತಿರುಗಿಸಿ ತೋರಿಸಿ, ಆಮೇಲೆ ಕವರಿಗೆ ಹಾಕುತ್ತಾಳೆ. ಬಿಲ್ಲು ನಾನು ಮೊದಲು ಕೊಡುತ್ತಿದ್ದುದರ ಕಾಲು ಭಾಗವೂ ಆಗುವುದಿಲ್ಲ. ಇಷ್ಟು ಕಮ್ಮಿ ರೇಟಿನ ಮಾತ್ರೆ ಕೆಲಸ ಮಾಡುತ್ತಾ ಅಂತ ನನಗೂ ಅನುಮಾನ ಇತ್ತು. ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದೆವು. ಎಲ್‌ಡಿಎಲ್ 66.

ಆದರೆ ನಾನು ಇಷ್ಟುದ್ದ ಬರೆಯುತ್ತಿರುವುದು ರೇಟಿಗಾಗಿ ಅಲ್ಲ. ಹೋದ ಮಳೆಗಾಲ ಯಜಮಾನರಿಗೆ ಕೆಮ್ಮು, ಕಫ. ಹತ್ತಿರದ ಕ್ಲಿನಿಕ್‌ನಲ್ಲಿ ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟರು. ಹೃದಯದ ಮಾತ್ರೆಗಳ ವಿಷಯ ನಾವೂ ಹೇಳಿರಲಿಲ್ಲ. ಚೀಟಿ ಕೊಟ್ಟೆ. ಹುಡುಗಿ ಓದಿ, ಸ್ಟ್ರಿಪ್ ತೆಗೆಯಲು ಹೋದ ಕೈಯನ್ನು ಹಾಗೇ ನಿಲ್ಲಿಸಿದಳು.

“ಆಂಟಿ, ಅಂಕಲ್‌ಗೆ ತಾನೇ ಇದು? ಅವರು ಅಟೊರ್ವಾ ತಗೋತಿದಾರಲ್ವಾ? ಎರಡೂ ಒಟ್ಟಿಗೆ ಬೇಡ. ಹಾರ್ಟ್ ಡಾಕ್ಟರ್‌ಗೆ ಒಂದು ಫೋನ್ ಮಾಡಿ, ಆಮೇಲೆ ಕೊಡ್ತೀನಿ.”

ಯಾಕೆ ಅಂತ ಕೇಳಿದೆ. ಕ್ಯೂ ಇದ್ದರೂ ಬಿಡಿಸಿ ಹೇಳಿದಳು. ಕೊಲೆಸ್ಟ್ರಾಲ್ ಮಾತ್ರೆಯನ್ನು ಲಿವರ್ ಒಡೆದು ಹೊರಗೆ ಹಾಕಬೇಕು. ಈ ಆಂಟಿಬಯಾಟಿಕ್ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಆಗ ಮಾತ್ರೆಯ ಅಂಶ ರಕ್ತದಲ್ಲಿ ಜಾಸ್ತಿ ಉಳಿದು ಮಾಂಸಖಂಡಕ್ಕೆ ಪೆಟ್ಟು ಬೀಳಬಹುದು. ಅಂಗಡಿ ಮೆಟ್ಟಿಲ ಮೇಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇರೆ ಆಂಟಿಬಯಾಟಿಕ್ ಹೇಳಿದರು. ಮಾರಾಟ ಬಿಟ್ಟು ಹೀಗೆ ತಡೆಯುವವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಇನ್ನೊಂದು ಸಲ ಯಜಮಾನರೇ ಹೋಗಿದ್ದರು. “ಈ ತಿಂಗಳು ಕೊಲೆಸ್ಟ್ರಾಲ್ ಮಾತ್ರೆ ಬೇಡಮ್ಮ” ಅಂದರಂತೆ. ತೊಡೆ ನೋವು ಅಂತ ಹತ್ತು ದಿನದಿಂದ ಬಿಟ್ಟಿದ್ದರು, ನನಗೂ ಹೇಳದೆ. ಕುಕ್ಕರಹಳ್ಳಿ ಕೆರೆಯಲ್ಲಿ ವಾಕಿಂಗ್ ಬರುವ ಸ್ನೇಹಿತರು ಯಾರೋ ಬಿಡಿ ಅಂದಿದ್ದರಂತೆ. ಹುಡುಗಿ ಬೈಯಲಿಲ್ಲ. ನೋವು ಎರಡೂ ಕಾಲಲ್ಲಾ, ಯಾವಾಗಿಂದ, ಮೂತ್ರ ಟೀ ಬಣ್ಣಕ್ಕೆ ತಿರುಗಿದೆಯಾ ಅಂತ ಕೇಳಿದಳು. ಬಣ್ಣ ಹಾಗಾದರೆ ಅವತ್ತೇ ಆಸ್ಪತ್ರೆಗೆ ಓಡಬೇಕಂತೆ. ಇಲ್ಲ ಅಂದಾಗ, “ಸ್ಟೆಂಟ್ ಇದೆ ಅಂಕಲ್, ನೀವಾಗೇ ನಿಲ್ಲಿಸಬೇಡಿ. ಡಾಕ್ಟರ್‌ಗೆ ತೋರಿಸಿ, ಅವರು ಡೋಸ್ ಕಮ್ಮಿ ಮಾಡ್ತಾರೆ, ಇಲ್ಲಾ ಮಾತ್ರೆ ಬದಲಾಯಿಸ್ತಾರೆ” ಅಂದಳಂತೆ.

ಡಾಕ್ಟರ್ ಮಾಂಸಖಂಡಕ್ಕೆ ಪೆಟ್ಟು ಬಿದ್ದಿದೆಯಾ ಅಂತ ತೋರಿಸುವ ಸಿಕೆ ಅನ್ನುವ ರಕ್ತ ಪರೀಕ್ಷೆ, ಥೈರಾಯ್ಡ್, ವಿಟಮಿನ್ ಡಿ ಎಲ್ಲಾ ನೋಡಿದರು. ಸಿಕೆ ಸರಿ ಇತ್ತು, ವಿಟಮಿನ್ ಡಿ ತುಂಬಾ ಕಮ್ಮಿ. ಅದಕ್ಕೆ ಔಷಧಿ ಕೊಟ್ಟು, ಅಟೊರ್ವಾಸ್ಟಾಟಿನ್ 20ಕ್ಕೆ ಇಳಿಸಿ, ಜೊತೆಗೆ ಎಜೆಟಿಮೈಬ್ 10 ಸೇರಿಸಿದರು. ಎಜೆಟಿಮೈಬ್ ಕರುಳಿನಲ್ಲೇ ಕೊಲೆಸ್ಟ್ರಾಲ್ ಹೀರಿಕೊಳ್ಳದಂತೆ ತಡೆಯುತ್ತದಂತೆ. ನೋವು ಹೋಯಿತು. ಮೊನ್ನೆಯ ಎಲ್‌ಡಿಎಲ್ 61. ಇವರು ಈಗ ದಿನಾ ಕೆರೆ ಸುತ್ತುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ಮನೆಯವರು ತಗೊಳ್ಳುವ ಎಲ್ಲಾ ಮಾತ್ರೆಗಳ ಚೀಟಿ ಜೊತೆಗೆ ಒಯ್ಯಿರಿ, ಆಯುರ್ವೇದದ್ದಿದ್ದರೆ ಅದನ್ನೂ ಹೇಳಿ. ಸ್ಟ್ರಿಪ್ ಮುಗಿಯಲು ಒಂದು ವಾರ ಇರುವಾಗಲೇ ಹೋದರೆ ಮಧ್ಯೆ ಒಂದು ದಿನವೂ ತಪ್ಪುವುದಿಲ್ಲ. ಸಂಜೆ 6ರ ಮೇಲೆ ಜನ ಜಾಸ್ತಿ. ನಿಧಾನವಾಗಿ ಮಾತಾಡಬೇಕು ಅಂದರೆ ಬೆಳಿಗ್ಗೆ 11ರ ಹೊತ್ತಿಗೆ ಹೋಗಿ, ಆ ಹುಡುಗಿ ಇರುತ್ತಾಳೆ.