ಗೇರ್ ಸೆನ್ಸರ್ ಬದಲಿಸಿ 16 ತಿಂಗಳು: ಈಗ ‘ಎನ್’ ಅಂದ್ರೆ ನ್ಯೂಟ್ರಲ್ಲೇ

ಬೆಳಗ್ಗೆ ಆರೂಕಾಲಕ್ಕೆ ಅಂಗಳಕ್ಕೆ ಇಳಿಯುತ್ತೇನೆ. ಶೀಟಿನ ಮಾಡಿನ ಕೆಳಗೆ ನಿಂತ ಬೈಕಿನ ಸೀಟು ಒರೆಸುವುದು, ಚೈನು ಒಮ್ಮೆ ಮುಟ್ಟಿ ನೋಡುವುದು, ಆಮೇಲೆ ಗೇರ್ ತೆಗೆದು ನ್ಯೂಟ್ರಲ್ ಮಾಡಿ ಕೀ ತಿರುಗಿಸುವುದು. ಬೈಕಿನೊಳಗಿನ ಪೆಟ್ರೋಲ್ ಪಂಪು ಎರಡು ಸೆಕೆಂಡು ಝುಯ್ ಅನ್ನುತ್ತದೆ. ಅಷ್ಟರಲ್ಲಿ ಮೀಟರಿನಲ್ಲಿ ಹಸಿರು ‘ಎನ್’ ಬರಬೇಕು. ಬರುತ್ತದೆ. ಯಾವ ಗೇರಿನಲ್ಲಿದೆ ಎಂದು ಬೈಕಿಗೆ ತಿಳಿಸುವ ಗೇರ್ ಸೆನ್ಸರ್ ಬದಲಿಸಿದ ಮೇಲೆ, 16 ತಿಂಗಳಿಂದ ಒಂದು ದಿನವೂ ತಪ್ಪಿಲ್ಲ. ಈ ಪುಟ್ಟ ದೀಪ ಕೊಟ್ಟಷ್ಟು ಖುಷಿಯನ್ನು ನಾನು ಬೈಕಿಗೆ ಹಾಕಿಸಿದ ಬೇರೆ ಯಾವ ಸಾಮಾನೂ ಕೊಟ್ಟಿಲ್ಲ.

ನನ್ನದು ಆರು ಗೇರಿನ 200 ಸಿಸಿ ಬೈಕು, ಈಗ ಏಳನೇ ವರ್ಷ. ಮನೆ ಉಡುಪಿ ಹತ್ತಿರದ ಕಟಪಾಡಿ, ಕೆಲಸ ಮಂಗಳೂರಿನ ಬೈಕಂಪಾಡಿ. ಹೋಗಿ ಬರಲು ದಿನಕ್ಕೆ 75 ಕಿಲೋಮೀಟರ್ ಆಸುಪಾಸು, ಹೆಚ್ಚಿನದೆಲ್ಲ ಹೆದ್ದಾರಿ 66ರಲ್ಲೇ. ಜೂನ್ ಬಂತೆಂದರೆ ಮೇಲಿನಿಂದ ಮಳೆ, ಕೆಳಗಿನಿಂದ ಕೆಂಪು ನೀರು. ಬಾಕಿ ತಿಂಗಳು ಉಪ್ಪು ಗಾಳಿ.

ತೊಂದರೆ ಶುರುವಾದದ್ದು ಒಂದು ಮಳೆಗಾಲ ಮುಗಿಯುವ ಹೊತ್ತಿಗೆ. ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದಾಗ ಮೀಟರಿನಲ್ಲಿ ನಂಬರ್ ಹೋಗಿ ಸುಮ್ನೆ ಒಂದು ಗೆರೆ ಕಾಣಿಸುತ್ತಿತ್ತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗೇರ್ ಯಾವುದೆಂದು ಕಾಲಿಗೆ ಗೊತ್ತಾಗುತ್ತದೆ, ಅಲ್ವಾ? ಆಮೇಲೆ ಪಡುಬಿದ್ರಿ ಪೇಟೆಯಲ್ಲಿ ಒಮ್ಮೆ ಬೈಕು ಆಫ್ ಆಯಿತು. ನ್ಯೂಟ್ರಲ್ ಮಾಡಿದರೂ ‘ಎನ್’ ಇಲ್ಲ, ಕ್ಲಚ್ ಹಿಡಿಯದೆ ಸ್ಟಾರ್ಟರ್ ಕೆಲಸ ಮಾಡುವುದಿಲ್ಲ. ಗೇರಿನಲ್ಲಿ ಉಂಟು ಎಂದೇ ಬೈಕಿನ ಕಂಪ್ಯೂಟರ್ ತಿಳಿದಿತ್ತು. ಅದಕ್ಕೂ ಹೊಂದಿಕೊಂಡೆ.

ಹೊಂದಿಕೊಳ್ಳಲು ಆಗದೇ ಹೋದದ್ದು ಅದರ ಉಲ್ಟಾ ಆದ ದಿನ. ನಮ್ಮ ಅಂಗಳ ಸ್ವಲ್ಪ ಇಳಿಜಾರು, ಹಾಗಾಗಿ ರಾತ್ರಿ ಬೈಕನ್ನು ಮೊದಲ ಗೇರಿನಲ್ಲಿ ನಿಲ್ಲಿಸುವ ಅಭ್ಯಾಸ. ಆ ಬೆಳಗ್ಗೆ ಕೂತು, ಸ್ಟ್ಯಾಂಡ್ ತೆಗೆದು, ಕೀ ತಿರುಗಿಸಿದರೆ ಹಸಿರು ‘ಎನ್’ ಉರಿಯುತ್ತಿತ್ತು. ನಂಬಿದೆ. ಕ್ಲಚ್ ಹಿಡಿಯದೆ ಸ್ಟಾರ್ಟರ್ ಒತ್ತಿದೆ. ಬೈಕು ಒಮ್ಮೆಲೇ ಮುಂದಕ್ಕೆ ಹಾರಿತು. ಎದುರಿಗೆ ಅಮ್ಮ ಚೆಂಬು ಹಿಡಿದು ತುಳಸಿಗೆ ನೀರು ಹಾಕುತ್ತಿದ್ದರು. ಮುಂದಿನ ಚಕ್ರ ಕಟ್ಟೆಯ ಅಂಚಿಗೆ ಬಡಿದು ನಿಂತಿತು. ಅಮ್ಮನ ಸೆರಗಿಗೂ ಚಕ್ರಕ್ಕೂ ನಡುವೆ ಒಂದು ಗೇಣು ಜಾಗ. “ಎಂತ ಮಗಾ ಅದು, ತನ್ನಷ್ಟಕ್ಕೇ ಹಾರಿತಲ್ಲ!” ಅಂದರು. ನನ್ನ ಕೈ ನಡುಗುತ್ತಿತ್ತು. ದೀಪ ಉರಿಯದಿದ್ದರೆ ಕಿರಿಕಿರಿ ಮಾತ್ರ. ಸುಳ್ಳೇ ಉರಿದರೆ ಅಪಾಯ.

ಸರ್ವಿಸ್ ಸೆಂಟರಿಗೆ ಹೋದೆ. ಮೊದಲು ಕ್ಲಚ್ ಸ್ವಿಚ್ ಬದಲಿಸಿದರು. ಆಮೇಲೆ ಬ್ಯಾಟರಿ ವೀಕ್ ಅಂದರು. ಮೂರನೇ ಸಲ ಹೋದಾಗ ಇಡೀ ವೈರಿಂಗ್ ತೆಗೆದು ಹೊಸದು ಹಾಕಬೇಕು, 9 ಸಾವಿರದ ಹತ್ತಿರ ಆಗುತ್ತದೆ ಅಂದರು. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ. ತುಂಬಾ ಸಿಟ್ಟು ಬಂತು.

ನಮ್ಮ ಊರಿನ ಮೆಕ್ಯಾನಿಕ್ ಬೈಕಿನ ಎಡಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸೆನ್ಸರಿನ ವೈರ್ ಕೂಡುವ ಕನೆಕ್ಟರ್ ಬಿಡಿಸಿ, ಕರೆಂಟು ನೋಡುವ ಮಲ್ಟಿಮೀಟರಿನ ಕಡ್ಡಿ ಇಟ್ಟರು. “ಸೆನ್ಸರ್ ಹೋದದ್ದಕ್ಕೆ ವೈರಿಂಗ್ ಎಂತಕ್ಕೆ ಬದಲಿಸುದು ಮಾರಾಯ್ರೆ?” ಅಂದರು. ಒಂದೊಂದೇ ಗೇರ್ ಹಾಕಿಸಿ ತೋರಿಸಿದರು. ಪ್ರತಿ ಗೇರಿಗೂ ಮಲ್ಟಿಮೀಟರಿನಲ್ಲಿ ಬೇರೆ ಬೇರೆ ಅಂಕೆ ಬಂದು ನಿಲ್ಲಬೇಕು. ನಮ್ಮದರಲ್ಲಿ ಅದು ಕುಣಿಯುತ್ತಿತ್ತು. ಗೇರ್ ಬದಲಿಸುವಾಗ ಎಂಜಿನ್ ಒಳಗೆ ಶಿಫ್ಟ್ ಡ್ರಮ್ ಎಂಬ ಉರುಳೆ ತಿರುಗುತ್ತದೆ. ನನ್ನ ಬೈಕಿನಲ್ಲಿ ಅದರ ತುದಿಗೆ ಸ್ಪ್ರಿಂಗ್ ಮೇಲೆ ಕೂತ ಚಿಕ್ಕ ಪಿನ್ನುಗಳು. ಅವು ಸೆನ್ಸರಿನ ತಟ್ಟೆಯ ಮೇಲೆ ಎಲ್ಲಿ ತಾಗುತ್ತವೋ ಅದನ್ನು ನೋಡಿ ಯಾವ ಗೇರ್ ಅಂತ ಗೊತ್ತಾಗುವುದು. ಸವೆದರೆ, ಕನೆಕ್ಟರಿಗೆ ನೀರು ಹೋದರೆ, ಲೆಕ್ಕ ತಪ್ಪುತ್ತದೆ. ಬಿಸಿಲಿಗೆ ಒಣಗಿದರೆ ಮತ್ತೆ ಸರಿ! ಸರ್ವಿಸ್ ಸೆಂಟರಿನವರ ಮೇಲಿನ ಸಿಟ್ಟು ಇದನ್ನು ಕೇಳಿದ ಮೇಲೆ ಸ್ವಲ್ಪ ಇಳಿಯಿತು. ಅಲ್ಲಿಗೆ ಹೋದಾಗಲೆಲ್ಲ ಬೈಕು ಸರಿಯಾಗಿಯೇ ಇರುತ್ತಿತ್ತು. ಬಂದು ಹೋಗುವ ರೋಗವನ್ನು ಹಿಡಿಯುವುದು ಕಷ್ಟ.

ಮೊದಲು 450 ರೂಪಾಯಿಯ ಸೆನ್ಸರ್ ಹಾಕಿಸಿದೆ, ಕಂಪೆನಿಯದ್ದಲ್ಲ. ಎರಡೂವರೆ ತಿಂಗಳಿಗೆ ಮೂರನೇ ಗೇರಿಗೆ ಐದು ತೋರಿಸಲು ಶುರು ಮಾಡಿತು. ಆ ದುಡ್ಡು ನೀರಿಗೆ ಹಾಕಿದ ಹಾಗೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಅಸಲಿ ತರಿಸಿದೆ. 1,640 ರೂಪಾಯಿ, 11 ದಿನ ಕಾಯಿಸಿತು. ಪೆಟ್ಟಿಗೆಯಲ್ಲಿ ಓ-ರಿಂಗ್ ಕೂಡ ಇರಲಿಲ್ಲ, ಬೇರೆ ತೆಗೆದುಕೊಳ್ಳಬೇಕಾಯಿತು. ಇಷ್ಟು ರೇಟು ಇಟ್ಟ ಮೇಲೆ ಒಂದು ರಬ್ಬರ್ ಬಳೆ ಜೊತೆಗೆ ಕೊಡಬಹುದಿತ್ತು.

ಹಾಕುವಾಗ ಈ ಸಲ ಪಕ್ಕದಲ್ಲೇ ಕೂತೆ. ಬಿಚ್ಚುವ ಮೊದಲೇ ಗೇರ್ ಲಿವರ್ ಶಾಫ್ಟಿನ ಮೇಲೆ ಯಾವ ಹಲ್ಲಿಗೆ ಕೂತಿದೆಯೆಂದು ಗುರುತು ಹಾಕಿದರು. ಇಲ್ಲದಿದ್ದರೆ ಕೂರಿಸುವಾಗ ಮೇಲೆ ಕೆಳಗೆ ಆಗುತ್ತದೆ. ಸ್ಪ್ರಾಕೆಟ್ ಅಂದರೆ ಚೈನಿನ ಹಲ್ಲುಚಕ್ರ, ಅದರ ಕವರ್ ತೆಗೆದರೆ ಒಳಗೆ ಚೈನಿನ ಗ್ರೀಸೂ ಕೆಂಪು ಮಣ್ಣೂ ಸೇರಿ ಕಪ್ಪಗೆ ಹೆಪ್ಪುಗಟ್ಟಿತ್ತು. ಸೆನ್ಸರ್ ಇರುವುದು ಅದರ ಬುಡದಲ್ಲೇ. ಅದನ್ನು ಹಿಡಿಸೂಡಿ ಕಡ್ಡಿಯಿಂದ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆಯೇ ಸ್ಕ್ರೂಗೆ ಕೈ ಹಾಕಿದ್ದು. ಒಂದು ಕಾಳು ಮರಳು ಒಳಗೆ ಹೋದರೂ ಆಗುವುದಿಲ್ಲ. ಎಣ್ಣೆ ಸುರಿಯದ ಹಾಗೆ ನಾನು ಬೈಕನ್ನು ಬಲಕ್ಕೆ ವಾಲಿಸಿ ಹಿಡಿದೆ. ಕೆಳಗೆ ಹಳೆ ಪೇಪರ್ ಹಾಸಿದ್ದು ಒಳ್ಳೆಯದಾಯಿತು. ಸೆನ್ಸರ್ ಈಚೆ ಬರುತ್ತಿದ್ದ ಹಾಗೆ ಒಂದು ಪಿನ್ನು, ಅದರ ಹಿಂದೆ ಸ್ಪ್ರಿಂಗ್, ಟಪ್ಪೆಂದು ಅದರ ಮೇಲೆ ಬಿತ್ತು. ಅಕ್ಕಿಕಾಳಿನಷ್ಟು ಸಣ್ಣದು. ಮಣ್ಣಿಗೆ ಬಿದ್ದಿದ್ದರೆ ಸಿಗುತ್ತಿರಲಿಲ್ಲ.

ಹೊಸ ಓ-ರಿಂಗಿಗೆ ಎಂಜಿನ್ ಆಯಿಲ್ ಸವರಿ ಕೂರಿಸಿದರು. ಸ್ಕ್ರೂಗಳನ್ನು ಹಗುರಕ್ಕೆ ಬಿಗಿ ಮಾಡಿದರು, ಅಲ್ಯೂಮಿನಿಯಂ ಅಲ್ವಾ, ಜೋರು ಮಾಡಿದರೆ ಸ್ಕ್ರೂ ಹಿಡಿಯುವ ಥ್ರೆಡ್ ಹೋಗುತ್ತದೆ. ಕನೆಕ್ಟರ್ ಒಳಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್. ಮುಕ್ಕಾಲು ಗಂಟೆಯ ಕೆಲಸ, 350 ರೂಪಾಯಿ ಮಜೂರಿ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ ನೋಡಿದೆವು. ಒಂದು, ಎನ್, ಎರಡು, ಮೂರು, ನಾಲ್ಕು, ಐದು, ಆರು. ಪುನಃ ಕೆಳಕ್ಕೆ. ಒಂದೂ ತಪ್ಪಲಿಲ್ಲ.

ಅಲ್ಲಿಂದ ಇಲ್ಲಿಗೆ 29 ಸಾವಿರ ಕಿಲೋಮೀಟರ್, ಎರಡನೇ ಮಳೆಗಾಲವೂ ಮುಗಿಯುತ್ತಾ ಬಂತು. ಆಗುಂಬೆ ಘಾಟಿಯ 14 ತಿರುವುಗಳನ್ನು ಜಡಿಮಳೆಯಲ್ಲಿ ಹತ್ತಿದ ದಿನವೂ ನಂಬರ್ ಮಾಯವಾಗಲಿಲ್ಲ. ನನ್ನ ಹಾಗೆ ದಿನಾ ಓಡಿಸುವವರಾದರೆ ಅಸಲಿಯನ್ನೇ ಹಾಕಿಸಿ. ಒಂದೇ ಬೇಸರವೆಂದರೆ ವೈರ್ ಗಿಡ್ಡ, ಕನೆಕ್ಟರ್ ಸರಿಯಾಗಿ ನೀರು ಹಾರುವ ಜಾಗದಲ್ಲೇ ಬರುತ್ತದೆ. ಅದನ್ನು ಎರಡು ತಿಂಗಳಿಗೊಮ್ಮೆ ಬಿಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಗ್ರೀಸ್ ತುಂಬುತ್ತೇನೆ. ಕಳೆದ ಭಾನುವಾರ ನೋಡಿದಾಗ ರಬ್ಬರ್ ಟೊಪ್ಪಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಒಳಗೆ ಹಸಿರು ಕಿಲುಬು ಹಿಡಿದಿರಲಿಲ್ಲ. ಹೊಸ ಟೊಪ್ಪಿಗೆ ಹೇಳಿದ್ದೇನೆ, ಅದು ಬರುವವರೆಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದ್ದೇನೆ. ಮೊದಲ ಗೇರಿನಲ್ಲಿ ನಿಲ್ಲಿಸುವ ಅಭ್ಯಾಸ ಹಾಗೆಯೇ ಇದೆ. ಆದರೆ ಬೆಳಗ್ಗೆ ‘ಎನ್’ ಕಂಡರೂ ಬೈಕನ್ನು ಒಂದು ಹೆಜ್ಜೆ ಹಿಂದೆ ಮುಂದೆ ತಳ್ಳಿ ನೋಡುತ್ತೇನೆ, ಕ್ಲಚ್ ಹಿಡಿದೇ ಸ್ಟಾರ್ಟರ್ ಒತ್ತುತ್ತೇನೆ. ಅಮ್ಮ ಅದೇ ಹೊತ್ತಿಗೆ ತುಳಸಿಗೆ ನೀರು ಹಾಕಲು ಬರುತ್ತಾರೆ.