ಸೆರಗು ಕತ್ತರಿಸಿದ ಆಕ್ಷನ್: ಫೋಟೊಶಾಪ್, ಗಿಂಪ್, ಇಮೇಜ್‌ಮ್ಯಾಜಿಕ್ ಮೂರನ್ನೂ ಬಳಸಿ ನೋಡಿದ್ದು

ನಮ್ಮ ಸೋದರಮಾವನದು ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. ಮೆಟ್ರೊ ಇಳಿದು ನಡೆದೇ ಹೋಗಬೇಕು, ಆ ಗಲ್ಲಿಗೆ ಆಟೊದವರು ಬರಲ್ಲ. ಕೆಲವು ವರ್ಷಗಳಿಂದ ಮಾವ ವಾಟ್ಸಾಪ್‌ನಲ್ಲೂ ಮಾರುತ್ತಾರೆ. ಫೋಟೊ ತೆಗೆಯುವವನು ಅಂಗಡಿಯ ಹುಡುಗ, ತಿದ್ದುವವಳು ನಾನು. ವಾರಕ್ಕೆ ಇನ್ನೂರರ ಹತ್ತಿರ ಬರುತ್ತವೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದರೆ ನಾನು ಎಣಿಸುವುದನ್ನೇ ಬಿಡುತ್ತೇನೆ.

ಪ್ರತಿ ಫೋಟೊಗೂ ಅದೇ ಕೆಲಸ. ಅಡ್ಡ ಬಿದ್ದಿದ್ದರೆ ನೆಟ್ಟಗೆ ಮಾಡು. 1200 ಪಿಕ್ಸೆಲ್ ಚೌಕದೊಳಗೆ ಕೂರಿಸು, ಉಳಿದ ಜಾಗಕ್ಕೆ ಬಿಳಿ ತುಂಬು. ಕೆಳಗೆ ಸೀರೆಯ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ಕೋಡ್ ನಂಬರ್. ಜೆಪೆಗ್ ಮಾಡಿ ಬೇರೆ ಫೋಲ್ಡರ್‌ಗೆ ಹಾಕು. ಹತ್ತನೆಯ ಸೀರೆಗೆ ಬೇಜಾರು, ಐವತ್ತನೆಯದಕ್ಕೆ ಕೈನೋವು.

ಇದನ್ನು ಕಂಪ್ಯೂಟರ್‌ಗೇ ಒಪ್ಪಿಸೋಣ ಎಂದು ಮೊದಲು ಹಿಡಿದದ್ದು ಫೋಟೊಶಾಪ್ ಆಕ್ಷನ್. 1996ರ 4.0 ಆವೃತ್ತಿಯಿಂದಲೂ ಇರುವ ಸೌಲಭ್ಯ ಅದು. ರೆಕಾರ್ಡ್ ಒತ್ತಿ, ಒಂದು ಫೋಟೊ ಮೇಲೆ ಕೆಲಸ ಮಾಡಿ, ನಿಲ್ಲಿಸಿದರೆ ಆಯಿತು. ಆಮೇಲೆ ಬ್ಯಾಚ್‌ಗೆ ಹಾಕಿದರೆ ಇಡೀ ಫೋಲ್ಡರ್ ತಾನೇ ಓಡುತ್ತದೆ. ಒಂದು ಸಾಲೂ ಬರೆಯಬೇಕಿಲ್ಲ. ನಾನು ಕುಣಿದಾಡಿದೆ. ಕೆಲಸಕ್ಕೆ ಬಿಟ್ಟು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಎಲ್ಲ ಮುಗಿದಿತ್ತು. ಹಾಗೇ ಕಳಿಸಿಬಿಟ್ಟೆ.

ಸಂಜೆ ಮಾವನ ಫೋನ್. "ಇದೇನಮ್ಮಾ, ಅರ್ಧಕ್ಕರ್ಧ ಸೀರೇಲಿ ಸೆರಗೇ ಇಲ್ಲ! ಸೆರಗು ನೋಡ್ದೆ ಯಾರಮ್ಮಾ ಸೀರೆ ತಗೊಳ್ತಾರೆ?"

ಆಗಿದ್ದು ಇಷ್ಟು. ನಾನು ರೆಕಾರ್ಡ್ ಮಾಡಿದ್ದು ಅಡ್ಡ ಫೋಟೊ ಮೇಲೆ. ಕ್ರಾಪ್ ಮಾಡಿದ ಜಾಗ ಅಳತೆಯ ಸಮೇತ ಅದರಲ್ಲಿ ಕೂತಿತ್ತು. ಉದ್ದುದ್ದ ತೆಗೆದ ಫೋಟೊ ಬಂದಾಗಲೂ ಅದೇ ಜಾಗದಲ್ಲಿ ಕತ್ತರಿ ಬಿತ್ತು. ಆಕ್ಷನ್ ಫೋಟೊ ನೋಡುವುದಿಲ್ಲ, ನನ್ನ ಕೈ ಹೇಗೆ ಆಡಿತ್ತೋ ಅದನ್ನಷ್ಟೇ ನೆನಪಿಟ್ಟುಕೊಂಡಿರುತ್ತದೆ. ಒಂದೇ ಒಂದು ಎಚ್ಚರಿಕೆ ಬರಲಿಲ್ಲ, ಏಕೆಂದರೆ ಅದರ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಆವತ್ತಿನಿಂದ ನಾನು ಯಾವ ಸಾಧನ ನೋಡಿದರೂ ವೇಗ ಕೇಳುವುದಿಲ್ಲ. ತಪ್ಪಾದಾಗ ಇದು ಬಾಯಿ ಬಿಡುತ್ತದೋ ಇಲ್ಲವೋ ಎಂದು ಮೊದಲು ನೋಡುತ್ತೇನೆ.

ಆಕ್ಷನ್‌ನಲ್ಲೇ ಇದಕ್ಕೆ ಪರಿಹಾರ ಇದೆ ಅನ್ನಿ. ಕ್ರಾಪ್ ಬಿಟ್ಟು, ಫೈಲ್ ಮೆನುವಿನ ಆಟೊಮೇಟ್ ಒಳಗಿರುವ 'ಫಿಟ್ ಇಮೇಜ್' ಬಳಸಬೇಕು. ಅದಕ್ಕೆ ಅಡ್ಡವೂ ಒಂದೇ, ಉದ್ದವೂ ಒಂದೇ. ಆಮೇಲೆ ಕ್ಯಾನ್ವಾಸ್ ಅಳತೆ 1200 ಕೊಟ್ಟರೆ ಸುತ್ತ ಬಿಳಿ ತುಂಬುತ್ತದೆ. 'ಸೇವ್ ಆ್ಯಸ್' ಕೂಡ ರೆಕಾರ್ಡ್ ಮಾಡಿದ್ದರೆ ಬ್ಯಾಚ್ ಕಿಟಕಿಯಲ್ಲಿ ಅದನ್ನು ಮೀರುವ ಗುರುತು ಹಾಕಲೇಬೇಕು. ಮರೆತರೆ, ಹೆಸರು ಟೈಪ್ ಮಾಡಿ ರೆಕಾರ್ಡ್ ಮಾಡಿದ್ದಲ್ಲಿ, ಇನ್ನೂರು ಫೋಟೊಗಳೂ ಅದೇ ಒಂದು ಹೆಸರಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಆದರೆ ಪ್ರತಿ ಸೀರೆಗೆ ಬೇರೆ ಬೇರೆ ಹೆಸರು ಬರೆಯುವುದು? ಅದು ಆಕ್ಷನ್ ಕೈಲಿ ಆಗದ ಮಾತು.

ಹಾಗಾಗಿ ಎರಡನೆಯ ದಾರಿ ಹಿಡಿದೆ, ಫೋಟೊಶಾಪ್‌ನಲ್ಲೇ ಜಾವಾಸ್ಕ್ರಿಪ್ಟ್. ಇಲ್ಲಿ 'ಅಗಲ ಎತ್ತರಕ್ಕಿಂತ ಜಾಸ್ತಿ ಇದ್ದರೆ ಹೀಗೆ ಮಾಡು' ಎಂದು ಹೇಳಬಹುದು. ಫೈಲಿನ ಹೆಸರು ಓದಿ ಅದನ್ನೇ ಫೋಟೊ ಮೇಲೆ ಬರೆಸಬಹುದು. ಇದಕ್ಕೆ ಫೋಟೊಶಾಪ್‌ನಲ್ಲಿರುವ ಹಳೆಯ ದಾರಿ ಎಕ್ಸ್‌ಟೆಂಡ್‌ಸ್ಕ್ರಿಪ್ಟ್, ಅದು 1999ರ ಕಾಲದ ಜಾವಾಸ್ಕ್ರಿಪ್ಟ್ ಮೇಲೆ ನಿಂತಿದೆ. ಈಗಿನ ವೆಬ್ ಕೆಲಸದವರು ಬರೆಯುವ ಶೈಲಿ ಅದಕ್ಕೆ ಅರ್ಥವಾಗಲ್ಲ. ಯುಎಕ್ಸ್‌ಪಿ ಎನ್ನುವ ಹೊಸ ದಾರಿ ಬಂದಿದೆ. ನನ್ನ ಹಳೇ ಸ್ಕ್ರಿಪ್ಟ್ ಇನ್ನೂ ಓಡುತ್ತಿರುವುದರಿಂದ ನಾನು ಆ ಕಡೆ ಹೋಗಿಲ್ಲ.

ಇಲ್ಲಿ ಎರಡು ಸಲ ಜಾರಿಬಿದ್ದೆ. ಒಂದು, ಅಳತೆಯ ಮಾನ. ಸ್ಕ್ರಿಪ್ಟ್‌ನಲ್ಲಿ ಬರೀ 1200 ಎಂದರೆ ಅದು ರೂಲರ್‌ನಲ್ಲಿ ಯಾವ ಮಾನ ಇದೆಯೋ ಅದನ್ನೇ ಹಿಡಿಯುತ್ತದೆ. ನನ್ನ ರೂಲರ್ ಸೆಂಟಿಮೀಟರ್‌ನಲ್ಲಿತ್ತು. ಸೀರೆ ಇರುವುದೇ ಐದೂವರೆ ಮೀಟರ್, ನಾನು ಫೋಟೊವನ್ನು 12 ಮೀಟರ್ ಮಾಡಲು ಹೇಳಿದ್ದೆ. ಕಂಪ್ಯೂಟರ್ ಫ್ಯಾನ್ ಚೀರಾಡಿತು. ಈಗ ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ಮಾನವನ್ನು ಪಿಕ್ಸೆಲ್ ಮಾಡಿಬಿಡುತ್ತೇನೆ. ಎರಡು, ಕನ್ನಡದ ಫೈಲ್ ಹೆಸರು. 'ಇಳಕಲ್' ಎಂದು ಹೆಸರಿಟ್ಟ ಫೋಟೊ ಮೇಲೆ ಶೇಕಡಾ ಚಿಹ್ನೆಗಳ ಮೆರವಣಿಗೆಯೇ ಬಂತು. ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಫೈಲಿನ ಹೆಸರನ್ನು ವೆಬ್ ವಿಳಾಸದ ಹಾಗೆ ಸಂಕೇತ ಮಾಡಿ ಕೊಡುತ್ತದೆ. ಅದನ್ನು ಬಿಡಿಸುವ ಒಂದು ಫಂಕ್ಷನ್ ಕರೆದರೆ ಸರಿಹೋಗುತ್ತದೆ. ಆದರೆ ನೋಡಿ, ಎರಡು ಸಲವೂ ತಪ್ಪು ಮೊದಲ ಫೋಟೊದಲ್ಲೇ ಕಣ್ಣಿಗೆ ಹೊಡೆಯಿತು. ಬೇರೆ ಎಡವಟ್ಟಾದರೂ ಸ್ಕ್ರಿಪ್ಟ್ ನಿಂತು, ಎಷ್ಟನೆಯ ಸಾಲು ಎಂದು ಹೇಳುತ್ತದೆ. ಸೆರಗು ಹೋದ ಹಾಗೆ ಸದ್ದಿಲ್ಲದೆ ಹೋಗಲ್ಲ.

ಫೋಟೊಶಾಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. "ಪುಕ್ಕಟೆ ಯಾವ್ದೂ ಇಲ್ವಾ?" ಎಂದು ಮಾವ ಕೇಳಿದ ಮೇಲೆ ಗಿಂಪ್ ಹಾಕಿಕೊಂಡೆ. ಕೈಯಾಡಿಸಿದ್ದನ್ನು ರೆಕಾರ್ಡ್ ಮಾಡುವ ಬಟನ್ ಗಿಂಪ್‌ನಲ್ಲಿ ಇಲ್ಲ. ಬರೆಯಲೇಬೇಕು. ಸ್ಕ್ರಿಪ್ಟ್-ಫು ಎಂದರೆ ಸ್ಕೀಮ್ ಭಾಷೆ, ಆವರಣ ಚಿಹ್ನೆಗಳ ಕಾಡು. ಎರಡು ದಿನ ಅದರಲ್ಲಿ ಅಲೆದು ಪೈಥಾನ್‌ಗೆ ಬಂದೆ. ಅಷ್ಟೊತ್ತಿಗೆ 3.0 ಬಂತು, 2025ರ ಮಾರ್ಚ್‌ನಲ್ಲಿ. 2.10ರಲ್ಲಿ ಪೈಥಾನ್ 2 ಇತ್ತು, ಇದರಲ್ಲಿ ಪೈಥಾನ್ 3. ಎಷ್ಟೋ ಕರೆಗಳ ಹೆಸರೇ ಬದಲು. ಪ್ಲಗಿನ್ ಫೈಲನ್ನು ಅದೇ ಹೆಸರಿನ ಫೋಲ್ಡರ್ ಒಳಗೆ ಇಡಬೇಕು, ಇಲ್ಲದಿದ್ದರೆ ಮೆನುವಿನಲ್ಲಿ ಕಾಣಿಸುವುದೇ ಇಲ್ಲ. ಇಷ್ಟು ತಿಳಿಯುವುದಕ್ಕೆ ಒಂದು ಭಾನುವಾರ ಹೋಯಿತು. ಹಳೆಯ 2.10ರ ಪಾಠ ನೋಡಿ ಕಲಿಯುತ್ತಿದ್ದರೆ ದಯವಿಟ್ಟು ನಿಲ್ಲಿಸಿ, 3ಕ್ಕೆ ಬರೆದದ್ದನ್ನೇ ಹುಡುಕಿ.

ಆದರೆ ಗಿಂಪ್ ಒಂದು ಕಡೆ ನನ್ನ ಮನಸ್ಸು ಗೆದ್ದಿತು, ಕನ್ನಡ ಅಕ್ಷರ. 'ಮೊಳಕಾಲ್ಮೂರು ರೇಷ್ಮೆ' ಎಂದು ಕೊಟ್ಟರೆ ಒತ್ತಕ್ಷರ ಅಚ್ಚುಕಟ್ಟಾಗಿ ಕೆಳಗೆ ಇಳಿಯುತ್ತದೆ. ಅದು ಅಕ್ಷರ ಜೋಡಿಸಲು ಪ್ಯಾಂಗೊ ಮತ್ತು ಹಾರ್ಫ್‌ಬಜ್ ಬಳಸುತ್ತದೆ, ಎರಡಕ್ಕೂ ನಮ್ಮ ಲಿಪಿಯ ನಿಯಮ ಗೊತ್ತು. ಹಳೆಯ ಫೋಟೊಶಾಪ್‌ಗಳಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಕೊಳ್ಳಬೇಕಿತ್ತು. ಅದು ಗೊತ್ತಿಲ್ಲದೆ ಎಷ್ಟು ಜನ ಎಲ್ಲ ಕಡೆ ಓದಬಲ್ಲ ಯೂನಿಕೋಡ್ ಬಿಟ್ಟು 'ನುಡಿ' ತಂತ್ರಾಂಶದ ಹಳೇ ಫಾಂಟಲ್ಲೇ ಉಳಿದರೋ! ಆ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರನ್ನು ಸ್ಕ್ರಿಪ್ಟ್‌ಗೆ ಕೊಟ್ಟರೆ ಬರೀ ಕಸ ಬರುತ್ತದೆ. ಹೆಸರುಗಳ ಪಟ್ಟಿಯನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ಕೊನೆಗೆ ಇಮೇಜ್‌ಮ್ಯಾಜಿಕ್. ಇದಕ್ಕೆ ಮುಖವೇ ಇಲ್ಲ, ಕಪ್ಪು ಟರ್ಮಿನಲ್‌ನಲ್ಲಿ ಒಂದು ಸಾಲು, ಅಷ್ಟೇ. ನೆಟ್ಟಗೆ ಮಾಡುವುದು, ಕುಗ್ಗಿಸುವುದು, ಬಿಳಿ ತುಂಬುವುದು ಮೂರೂ ಆ ಒಂದೇ ಸಾಲಲ್ಲಿ. ಸುಮ್ನೆ ಹೇಳುತ್ತಿಲ್ಲ, ಫೋಟೊಶಾಪ್ ತೆರೆದುಕೊಳ್ಳುವಷ್ಟರಲ್ಲಿ ಇದು ಒಂದು ಸಣ್ಣ ಫೋಲ್ಡರ್ ಮುಗಿಸಿರುತ್ತದೆ. ಮಾವನ ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ.

ಬಾಯಿ ಬಿಡುವ ವಿಷಯದಲ್ಲಿ ಮಾತ್ರ ಇದು ಆಕ್ಷನ್‌ಗಿಂತ ಮೂಗ. 'ಮಾಗ್ರಿಫೈ' ಎನ್ನುವ ಕಮಾಂಡ್‌ಗೆ ಬೇರೆ ಫೋಲ್ಡರ್ ತೋರಿಸದಿದ್ದರೆ ಅದು ಮೂಲ ಫೋಟೊದ ಮೇಲೆಯೇ ಬರೆಯುತ್ತದೆ. 'ಖಚಿತವೇ?' ಎಂದು ಕೇಳುವುದಿಲ್ಲ. ನಾನು ಓದದೆ ಎಂಟರ್ ಒತ್ತಿದೆ. ಹುಡುಗ ಫೋನ್‌ನಿಂದ ಫೋಟೊ ಅಳಿಸಿರಲಿಲ್ಲ, ಬದುಕಿಕೊಂಡೆ. ಇನ್ನೊಂದು, 'ದೊಡ್ಡದಿದ್ದರೆ ಮಾತ್ರ ಕುಗ್ಗಿಸು' ಎನ್ನುವ ಬಾಣದ ಚಿಹ್ನೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಇಲ್ಲದಿದ್ದರೆ ಟರ್ಮಿನಲ್ ಅದನ್ನು 'ಫೈಲಿಗೆ ಬರೆ' ಎಂದು ತಿಳಿಯುತ್ತದೆ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಬಣ್ಣ. ಫೋಟೊದೊಳಗೆ ಫೋನ್ ಬರೆದಿಡುವ ಜಾಗದ ವಿವರ ಹೊರಗೆ ಹೋಗಬಾರದೆಂದು, ಅಂಥ ವಿವರ ಅಳಿಸುವ 'ಸ್ಟ್ರಿಪ್' ಆಯ್ಕೆ ಹಾಕಿದ್ದೆ. ಅದು ಬಣ್ಣದ ಪ್ರೊಫೈಲನ್ನೂ, ಅಂದರೆ ಬಣ್ಣಗಳನ್ನು ಹೇಗೆ ಓದಬೇಕೆಂಬ ಟಿಪ್ಪಣಿಯನ್ನೂ, ಕಿತ್ತುಹಾಕುತ್ತದೆ. ಹುಡುಗನ ಫೋನ್ ಫೋಟೊ ಉಳಿಸುವುದು ಪಿ3 ಎನ್ನುವ ವಿಶಾಲ ಬಣ್ಣದಲ್ಲಿ. ಪ್ರೊಫೈಲ್ ಹೋದ ಮೇಲೆ ಅದನ್ನು ಎಲ್ಲರೂ ಮಾಮೂಲಿ ಎಸ್‌ಆರ್‌ಜಿಬಿ ಎಂದೇ ಓದುತ್ತಾರೆ. ರಾಣಿ ಕಲರ್ ಸೀರೆ ನಾಲ್ಕು ಸಲ ಒಗೆದ ಹಾಗೆ ಕಂಡಿತು. ಮೊದಲು ಎಸ್‌ಆರ್‌ಜಿಬಿಗೆ ಬದಲಿಸಿ ಆಮೇಲೆ ಸ್ಟ್ರಿಪ್ ಮಾಡಬೇಕು, ಆ ಕ್ರಮ ತಪ್ಪಬಾರದು. ಫೋಟೊಶಾಪ್‌ನ 'ಇಮೇಜ್ ಪ್ರೊಸೆಸರ್'ನಲ್ಲಿ ಇದಕ್ಕೆ ಒಂದು ಟಿಕ್ ಸಾಕು. ಕೋಡ್ ಬೇಡ ಅನ್ನುವವರಿಗೆ ನಾನು ಆಕ್ಷನ್‌ಗಿಂತ ಮೊದಲು ಅದನ್ನೇ ತೋರಿಸುತ್ತೇನೆ.

ಕನ್ನಡ ಬರೆಸಿದಾಗ ಇಮೇಜ್‌ಮ್ಯಾಜಿಕ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ನಿಂತಿತು. ಅಕ್ಷರ ಜೋಡಿಸುವ ರಾಕ್ಮ್ ಅಥವಾ ಪ್ಯಾಂಗೊ ಸೇರಿಸಿ ಕಟ್ಟಿದ ಆವೃತ್ತಿ ಬೇಕಂತೆ, ನನ್ನದರಲ್ಲಿ ಇರಲಿಲ್ಲ. ಅದರ ಜೊತೆ ಗುದ್ದಾಡಲಿಲ್ಲ.

ಈಗ ನಡೆಯುತ್ತಿರುವುದು ಹೀಗೆ. ಕುಗ್ಗಿಸುವುದು, ಬಿಳಿ ತುಂಬುವುದು, ಬಣ್ಣದ ಪ್ರೊಫೈಲ್ ಬದಲಿಸುವುದು ಇಮೇಜ್‌ಮ್ಯಾಜಿಕ್ ಪಾಲು, ಯಾವಾಗಲೂ ನಕಲಿನ ಮೇಲೆ. ಹೆಸರು ಬರೆಯುವುದು ಗಿಂಪ್‌ನ ಪೈಥಾನ್ ಪಾಲು. ಪಟ್ಟಿಯಲ್ಲಿ ಕೋಡ್ ಸಿಗದಿದ್ದರೆ ಅಲ್ಲೇ ನಿಂತು ಕೂಗುವ ಹಾಗೆ ಬರೆದಿದ್ದೇನೆ. ಹುಡುಗನೇ ಎರಡನ್ನೂ ಓಡಿಸುತ್ತಾನೆ, ತಪ್ಪು ಬಂದರೆ ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಫೋಟೊಶಾಪ್ ಹಬ್ಬದ ತಿಂಗಳಲ್ಲಿ ಮಾತ್ರ.

ಆ ತಿಂಗಳು ದುಬಾರಿ ರೇಷ್ಮೆಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದುತ್ತೇವೆ. ಮಾವ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ, ನಾನು ಸ್ಲೈಡರ್ ಎಳೆಯುತ್ತೇನೆ. "ಇನ್ನೂ ಸ್ವಲ್ಪ ಕೆಂಪು... ಹಾಂ, ಅಷ್ಟೇ, ಸಾಕು."