ಗಿಟ್‌ಹಬ್ ಪೇಜಸ್ ಸಾಕಾ, ವಿಪಿಎಸ್ ಬೇಕಾ?

ಬಿದ್ರಿ ಕಲೆಯ ಬಗ್ಗೆ ಬೀದರಿನ ಕಾಲೇಜು ಹುಡುಗರ ವೆಬ್‌ಸೈಟ್ ಪ್ರಾಜೆಕ್ಟ್, ಬರೀ ಚಿತ್ರ ಮತ್ತು ಬರಹ ಅಂದ್ರೆ ಗಿಟ್‌ಹಬ್ ಪೇಜಸ್ (ಗಿಟ್‌ಹಬ್‌ನಲ್ಲಿಟ್ಟ ಫೈಲುಗಳನ್ನೇ ವೆಬ್‌ಸೈಟಾಗಿ ತೋರಿಸುವ ಸೇವೆ) ಸಾಕು. ದುಡ್ಡಿಲ್ಲ, ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಕೂಡ ಸಿಗುತ್ತದೆ. ಆದರೆ ಪಿಎಚ್‌ಪಿ, ಪೈಥಾನ್‌ನಂಥ ಸರ್ವರ್ ಕೋಡ್ ಅಲ್ಲಿ ಓಡುವುದಿಲ್ಲ. ಪುಕ್ಕಟೆ ಖಾತೆಯಲ್ಲಿ ರೆಪೊ (ಸೈಟಿನ ಫೈಲುಗಳನ್ನು ಇಡುವ ಜಾಗ) ಪಬ್ಲಿಕ್ ಇರಲೇಬೇಕು. ಆನ್‌ಲೈನ್ ಅಂಗಡಿ ನಡೆಸಲು ಅವರ ನಿಯಮವೂ ಒಪ್ಪುವುದಿಲ್ಲ.

ಬಿದ್ರಿ ಹೂದಾನಿ ಮಾರಬೇಕು, ಲಾಗಿನ್, ಡೇಟಾಬೇಸ್ ಬೇಕು ಅಂದ್ರೆ ವಿಪಿಎಸ್, ಅಂದರೆ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್. ಸರ್ವರ್ ಕೋಡ್ ಗ್ರಾಹಕರಿಗೆ ಕಾಣುವುದಿಲ್ಲ, ಆದರೆ ಕಾವಲು ಪೂರಾ ನಿಮ್ಮದೇ. ಸರ್ವರ್‌ಗೆ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲ್) ಬಳಸಿ. ಫೈರ್‌ವಾಲ್‌ನಲ್ಲಿ 22 (ಎಸ್‌ಎಸ್‌ಎಚ್), 80 ಮತ್ತು 443 (ವೆಬ್) ಬಿಟ್ಟು ಉಳಿದ ಪೋರ್ಟ್ ಮುಚ್ಚಿ. ಅಪ್‌ಡೇಟ್ ಹಾಕುತ್ತಿರಿ.

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡನ್ನು ಗೋಜಲು ಮಾಡಿ ಬಚ್ಚಿಡೋದು ಸುಮ್ನೆ ಕಸರತ್ತು. ಬ್ರೌಸರ್‌ಗೆ ಹೋದದ್ದು ಗುಟ್ಟಾಗಿ ಉಳಿಯಲ್ಲ. ಎಲ್ಲೇ ಇಡಿ, ಪೇಮೆಂಟಿನ ಸೀಕ್ರೆಟ್ ಕೀ ಮಾತ್ರ ರೆಪೊಗೆ ಹಾಕಬೇಡಿ. ಹಾಕಿಬಿಟ್ಟಿದ್ದರೆ ಅಳಿಸಿದರೆ ಸಾಲದು, ಗಿಟ್ ಹಿಸ್ಟರಿಯಲ್ಲಿ (ಹಳೆಯ ಬದಲಾವಣೆಗಳ ದಾಖಲೆ) ಇದ್ದೇ ಇರುತ್ತದೆ. ಕೀಯನ್ನೇ ಬದಲಿಸಿ.